ಕೆಂಪು ಕಡ್ಡಿಗಳನ್ನು ತೋರಿಸಿದವರು

ಅವರ ಬಲಗೈ ಬೆರಳ ತುದಿಗಳು ಯಾವಾಗಲೂ ಗುಲಾಬಿ. ಕಫದ ಸ್ಲೈಡಿಗೆ ಹಾಕುವ ಕೆಂಪು ಬಣ್ಣ ಉಗುರಿನ ಸಂದಿಗೆ ಇಳಿದರೆ ಸಾಬೂನಿಗೆ ಬಗ್ಗುವುದಿಲ್ಲ. ಇಂಡಿ ತಾಲ್ಲೂಕು ಆಸ್ಪತ್ರೆಯ ಲ್ಯಾಬಿಗೆ ನಾನು ಕೆಲಸಕ್ಕೆ ಸೇರಿದಾಗ ಅವರೇ ಅಲ್ಲಿನ ಹಿರಿಯರು. ನಾವು ‘ಸರ್’ ಅನ್ನುತ್ತಿದ್ದೆವು. ಅವರು ನನ್ನನ್ನು ‘ತಂಗಿ’ ಅನ್ನುತ್ತಿದ್ದರು.

ಸೂಕ್ಷ್ಮದರ್ಶಕದಲ್ಲಿ ನೀಲಿಯ ನಡುವೆ ಕೆಂಪು ಕಡ್ಡಿಗಳಂತೆ ಕಾಣುವ ಕ್ಷಯದ ರೋಗಾಣುಗಳನ್ನು ಗುರುತಿಸಲು ಕಲಿಸಿದವರು ಅವರು. ಸ್ಲೈಡಿನ ನೂರು ಕಡೆ ನೋಡದೆ ‘ಇಲ್ಲ’ ಎಂದು ಬರೆಯಲು ಬಿಡುತ್ತಿರಲಿಲ್ಲ.

ಲಚ್ಯಾಣದ ಹೆಣ್ಣುಮಗಳೊಬ್ಬಳು ಕೆಮ್ಮು ನಿಂತಿತೆಂದು ಎರಡೇ ತಿಂಗಳಿಗೆ ಮಾತ್ರೆ ಬಿಟ್ಟಿದ್ದಳು. ಸರ್ ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: “ನಮ್ಮ ಮೈಯಾಗ ಕಾವಲು ಕಾಯೂ ಕಣ ಇರ್ತಾವು ಯವ್ವಾ. ಹೊರಗಿಂದ ಬಂದದ್ದನ್ನ ನುಂಗಿ ಕರಗಿಸ್ತಾವು. ಇದನ್ನೂ ನುಂಗ್ತಾವು, ಆದ್ರ ಕರಗಿಸಾಕ ಇದು ಬಿಡೂದಿಲ್ಲ. ಕಾವಲುಗಾರನ ಹೊಟ್ಟ್ಯಾಗ ಮನಿ ಮಾಡ್ಕೊಂಡು ಕುಂದರತೈತಿ. ಕೆಮ್ಮು ನಿಂತೈತಿ, ಅದು ಸತ್ತಿಲ್ಲ.” ಅವಳು ಕೋರ್ಸ್ ಮುಗಿಸಿದಳು, ಗುಣವಾದಳು.

ನಿವೃತ್ತಿಗೆ ಒಂದು ವರ್ಷ ಇದ್ದಾಗ ಸರ್ ಸೊರಗತೊಡಗಿದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಅದರದೇ ಇರಬೇಕೆಂದುಕೊಂಡೆವು. ಒಂದು ಬೆಳಿಗ್ಗೆ ತಮ್ಮದೇ ಕಫದ ಡಬ್ಬಿ ತಂದು ನನ್ನ ಮುಂದಿಟ್ಟರು. ತಮ್ಮದನ್ನು ತಾವೇ ನೋಡಬಾರದು, ಕಣ್ಣು ಪಕ್ಷಪಾತ ಮಾಡುತ್ತದೆ ಎಂದರು.

ಮೊದಲ ನೋಟಕ್ಕೇ ಕೆಂಪು ಕಡ್ಡಿಗಳು. ಆದರೂ ನಾನು ಸ್ಲೈಡು ಸರಿಸುತ್ತಲೇ ಇದ್ದೆ, ತಲೆ ಎತ್ತುವ ಧೈರ್ಯವಾಗದೆ.

“ಸಿಕ್ಕಾವಲ್ಲ?” ಎಂದರು ಹಿಂದಿನಿಂದ.

ಅವರು ಚಿಕ್ಕವರಿದ್ದಾಗ ಸಿಂದಗಿಯಲ್ಲಿ ಅವರ ತಾಯಿ ಇದೇ ರೋಗದಿಂದ ತೀರಿಕೊಂಡಿದ್ದರಂತೆ. “ಅವ್ವನಿಂದ ಬಂದದ್ದೋ, ಈ ಕೆಲಸದಾಗ ಹತ್ತಿದ್ದೋ, ಯಾರಿಗೆ ಗೊತ್ತು. ಇಷ್ಟು ವರ್ಷ ಸುಮ್ಮನ ಕುಂತಿತ್ತು. ಶುಗರ್ ಬಂದು ಕಾವಲು ಸಡಲ ಆತು, ಎದ್ದೈತಿ,” ಎಂದರು, ಬೇರೆ ಯಾರದೋ ವರದಿ ಓದಿದಂತೆ.

ಅವರಿಗೆ ತಗುಲಿದ್ದು ಮುಖ್ಯ ಔಷಧಿಗಳಿಗೆ ಬಗ್ಗದ ಜಾತಿ. ಬೇರೆ ಔಷಧಿ ಕೊಟ್ಟರು. ವಾಂತಿ, ಕಿವಿಯಲ್ಲಿ ಗುಂಯ್‌ಗುಡುವ ಸದ್ದು. ಆದರೂ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ತಿಂಗಳಿಗೊಮ್ಮೆ ಅವರ ಸ್ಲೈಡು ನನ್ನ ಕೈಗೆ ಬರುತ್ತಿತ್ತು. ಅವರನ್ನು ತಿನ್ನುತ್ತಿದ್ದದ್ದು ನನ್ನ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ನೋಡುವುದೊಂದೇ ನನ್ನ ಕೆಲಸ.

ಕೊನೆಯ ಸಲ ನಾನು ರಿಜಿಸ್ಟರಿನಲ್ಲಿ, ರೋಗಾಣು ಕಿಕ್ಕಿರಿದಿವೆ ಎಂಬ ಮೂರು ಪ್ಲಸ್ ಬರೆಯುವಲ್ಲಿ, ಕಡಿಮೆ ಇವೆ ಎಂಬ ಒಂದು ಪ್ಲಸ್ ಬರೆದೆ. ಗೋಡೆ ಹಿಡಿದು ಬಂದ ಸರ್ ಮುಖಕ್ಕೆ ಕಟ್ಟಿದ್ದ ಮಾಸ್ಕ್ ಸರಿಪಡಿಸಿಕೊಂಡು, ಸ್ಲೈಡನ್ನು ತಾವೇ ನೋಡಿದರು. ಆಮೇಲೆ ರಿಜಿಸ್ಟರು ಎಳೆದುಕೊಂಡು ನಾನು ಬರೆದದ್ದನ್ನು ಓದಿದರು.

“ನನಗ ಸುಳ್ಳು ಹೇಳಿದ್ರ ನಡೀತೈತಿ, ತಂಗಿ. ರಿಜಿಸ್ಟರದಾಗ ಬ್ಯಾಡ.”

ಒಂದನ್ನು ಹೊಡೆದು ಮೂರು ಬರೆದೆ. ಆ ತಿಂಗಳು ಮುಗಿಯುವ ಮುಂಚೆ ಅವರು ಹೋದರು. ಅವರಿಗಾಗಿ ನನ್ನ ಕೈಲಾದದ್ದು ಆ ತಿದ್ದುಪಡಿ ಒಂದೇ.