ಶಿಬಿರಕ್ಕೆ ಬಾಯಿಪಾಠ

ನಾನು ಮೂಡಿಗೆರೆ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದಾಗ, ಇನ್ಸ್‌ಪೆಕ್ಟರು ಬರುತ್ತಾರೆಂದರೆ ಹದಿನೈದು ದಿನ ಮೊದಲೇ ಮಕ್ಕಳಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆವು. ವರ್ಷ ವರ್ಷವೂ ಅವರು ಕೇಳುತ್ತಿದ್ದ ಪ್ರಶ್ನೆಗಳು ಅವೇ. ಹೀಗಾಗಿ ಯಾರಿಗೂ ತೊಂದರೆಯಿರಲಿಲ್ಲ.

ಎರಡನೇ ತರಗತಿಯಲ್ಲಿ ಪಕ್ಕದ ಕಾಫಿ ಎಸ್ಟೇಟಿನ ಕೂಲಿ ಲೈನಿನ ಮನೆಯ ಹುಡುಗಿಯೊಬ್ಬಳಿದ್ದಳು. ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಬೆಂಚಿನಡಿ ಸೇರುತ್ತಿದ್ದಳು. 'ಹಸಿವಾಯ್ತಾ?' ಎಂದು ಕೇಳಿದರೆ 'ಹಸಿವಾಯ್ತಾ' ಎಂದೇ ಅನ್ನುತ್ತಿದ್ದಳು. ಹೊಟ್ಟೆನೋವು ಬಂದರೆ ಹೇಳಲು ಬಾರದೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಹಠ ಎಂದುಕೊಂಡು ಒಂದೆರಡು ಸಲ ಬಾರಿಸಿದ್ದೂ ಉಂಟು. ಬರೆಯಲು ನಾಚಿಕೆಯಾಗುತ್ತದೆ.

ವರ್ಷಕ್ಕೊಮ್ಮೆ ಆಲ್ದೂರಿನಲ್ಲಿ ಇಂಥ ಮಕ್ಕಳ ತಪಾಸಣಾ ಶಿಬಿರ ನಡೆಯುತ್ತಿತ್ತು. ಡಾಕ್ಟರು ಚೀಟಿ ಕೊಟ್ಟರೆ ಚಿಕ್ಕಮಗಳೂರಿನಲ್ಲಿ ವಾರಕ್ಕೊಂದು ದಿನ ಮಾತಿನ ತರಬೇತಿ. ಬೇರೆ ದಾರಿ ಇರಲಿಲ್ಲ. ಅವಳ ತಾಯಿ ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರನ್ನು ಕಾಡಿ, ಕುಯ್ಲಿನ ನಡುವೆ ಒಂದು ದಿನ ರಜೆ ಪಡೆದರು.

"ಡಾಕ್ಟ್ರ ಮುಂದೆ ಮರ್ಯಾದೆ ಹೋಗ್ಬಾರ್ದು ಮೇಷ್ಟ್ರೆ, ಒಂಚೂರು ರೆಡಿ ಮಾಡ್ಕೊಡಿ" ಅಂದರು.

ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಹಿಂದಿನ ವರ್ಷ ಹೋಗಿಬಂದವರನ್ನು ವಿಚಾರಿಸಿ ಪ್ರಶ್ನೆಗಳನ್ನು ಪತ್ತೆ ಮಾಡಿದೆ. ಹೆಸರು, ವಯಸ್ಸು, ಊರು, ಮನೆಯಲ್ಲಿ ಯಾರಿದ್ದಾರೆ, ಯಾವ ತಿಂಡಿ ಇಷ್ಟ. ಹದಿನೈದು ದಿನ ಹೇಳಿಕೊಟ್ಟೆ. ಅವಳ ಜ್ಞಾಪಕಶಕ್ತಿ ನೋಡಿ ನಾನೇ ಬೆರಗಾದೆ.

ಡಾಕ್ಟರು ಐದು ಪ್ರಶ್ನೆ ಕೇಳಿದರು. ಐದಕ್ಕೂ ಸರಿಯುತ್ತರ. ಹೊರಗೆ ಉದ್ದ ಸಾಲಿತ್ತು. "ಚೆನ್ನಾಗೇ ಇದ್ದಾಳಲ್ರೀ, ಏನೂ ತೊಂದ್ರೆ ಇಲ್ಲ" ಎಂದು ಮುಂದಿನವರನ್ನು ಕರೆದರು. ನಾನು ಬೀಗುತ್ತ ಬಸ್ಸು ಹತ್ತಿದೆ. ಬಸ್ಸು ಹ್ಯಾಂಡ್‌ಪೋಸ್ಟ್ ಸ್ಟಾಪಿಗೆ ಬರುವ ಹೊತ್ತಿಗೆ ತಾಯಿ ಮೆಲ್ಲಗೆ ಕೇಳಿದರು, "ಹಂಗಾರೆ ಚೀಟಿ?"

ಆಗ ನನಗೆ ಹೊಳೆಯಿತು.

ಮರುವರ್ಷ ಏನೂ ಕಲಿಸದೆ ಕರೆದುಕೊಂಡು ಹೋದೆ. ಅದೇ ಡಾಕ್ಟರು, ಆದರೆ ಅವರಿಗೆ ನಮ್ಮ ಗುರುತು ಹತ್ತಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ಹುಡುಗಿ ಐದೂ ಉತ್ತರಗಳನ್ನು ಸಾಲಾಗಿ ಒಪ್ಪಿಸಿದಳು. ವಯಸ್ಸು ಏಳು ಅಂದಳು. ಅವಳಿಗೆ ಎಂಟಾಗಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟು ತುಂಬ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಚೀಟಿ ಬರೆದರು.

"ಒಂದು ವರ್ಷ ಮುಂಚೆ ಕರ್ಕೊಂಡು ಬರ್ಬೇಕಿತ್ತು ಕಣಮ್ಮ" ಅಂದರು.

ತಾಯಿ ನನ್ನ ಕಡೆ ನೋಡಲಿಲ್ಲ. "ರಜ ಸಿಗ್ಲಿಲ್ಲ ಸಾರ್" ಅಂದರು.

ನಾನು ಪಕ್ಕದಲ್ಲೇ ನಿಂತಿದ್ದೆ.