ಮಬ್ಬಾದ ಫೋಟೋದಲ್ಲಿ ನಮ್ಮ ಸಿದ್ದ

ಇಲ್ಲ... ಇದು ಸುಳ್ಳಾಗಬೇಕು.
ಬೆಳಿಗ್ಗೆ ಫೋನ್ ಬಂದಾಗ ನಾನು ಬೈದುಬಿಟ್ಟೆ, ಇಂಥದ್ದರಲ್ಲೆಲ್ಲ ತಮಾಷೆ ಮಾಡಬೇಡ ಎಂದು.
ತಮಾಷೆ ಆಗಿರಲಿಲ್ಲ...

ನಮ್ಮ ಸಿದ್ದರಾಜು ಇನ್ನಿಲ್ಲ.

ಫ್ರೆಂಡ್ಸ್, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ.
ಫೋಟೋ ತೆಗೆಯಲು ಹೋಗಿ ಬೆಟ್ಟದಿಂದ ಬಿದ್ದ ಎಂದು ಯಾರೋ ಸ್ಟೇಟಸ್ ಹಾಕಿದ್ದಾರೆ. ಸುಳ್ಳು. ತೆಗೆದುಹಾಕಿ.
ಬೆಟ್ಟ ಅವನನ್ನು ಒಂದು ದಿನವೂ ಬೀಳಿಸಿಲ್ಲ.
ಮಾಗಡಿಯಲ್ಲಿ ಒಂದು ಮದುವೆಯ ಫೋಟೋ ಕೆಲಸ ಇತ್ತು. ಮುಹೂರ್ತಕ್ಕೆ ಹೊರಟಿದ್ದ. ತಿರುವಿನಲ್ಲಿ ಜಲ್ಲಿಯ ಮೇಲೆ ಬೈಕ್ ಜಾರಿತು...
ಅಷ್ಟೇ.

ಈ ಸೀಸನ್ನಿನ ಕೊನೆಯ ಮದುವೆ ಅದು.
ಮುಂದಿನ ವಾರ ಧನುರ್ಮಾಸ. ಆ ತಿಂಗಳು ನಮ್ಮ ಕಡೆ ಮದುವೆ ಮಾಡುವುದಿಲ್ಲ. ಅವನು ಕೆಲಸಕ್ಕಿದ್ದ ಸ್ಟುಡಿಯೋದ ಕ್ಯಾಮೆರಾ ಸುಮ್ಮನೆ ಕೂರುತ್ತದೆ. ಓನರ್ ಅದನ್ನು ಇವನ ಕೈಗೆ ಕೊಡುತ್ತಿದ್ದರು.
ವರ್ಷವಿಡೀ ಹೆಣ್ಣು-ಗಂಡಿನ ಮುಖ ತೆಗೆದವನು ಆ ಒಂದು ತಿಂಗಳು ಬರೀ ಬೆಟ್ಟ ತೆಗೆಯುತ್ತಿದ್ದ.
ಸಾವನದುರ್ಗ... ಕೂಟಗಲ್...
ಬೆಳಗಾಗುವಷ್ಟರಲ್ಲಿ ಮೇಲಿರಬೇಕು. ಕೆಳಗೆ ಮಂಜು ಕೆರೆಯ ಹಾಗೆ ನಿಂತಿರುತ್ತದೆ. ಬಂಡೆಗಳ ತಲೆ ಮಾತ್ರ ಕಾಣುತ್ತದೆ.

ಅವನ ಫೋಟೋಗಳನ್ನು ಝೂಮ್ ಮಾಡಿ ನೋಡಿ. ದೂರದ ಬಂಡೆಯ ಮೇಲೆ ಒಂದು ಕೆಂಪು ಚುಕ್ಕಿ ಇರುತ್ತದೆ. ಅದು ನಾನು. ನನ್ನ ಕೆಂಪು ಸ್ವೆಟರ್.
"ಮನ್ಸ ಇಲ್ದಿದ್ರೆ ಬೆಟ್ಟ ಎಷ್ಟು ದೊಡ್ದು ಅಂತ ಗೊತ್ತಾಗಕಿಲ್ಲ ಕಣ್ಲಾ. ಅಲ್ಲೇ ನಿಂತ್ಕೊ. ಅಳ್ಳಾಡ್ಬೇಡ!" ಎಂದು ಕೂಗುತ್ತಿದ್ದ.
ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟವನು ನಾನು. ಗ್ಯಾರೇಜು, ಚನ್ನಪಟ್ಟಣದ ಗೊಂಬೆ ಅಂಗಡಿ, ಬಿಡದಿಯ ಇಡ್ಲಿ ಹೋಟೆಲು... ಎಲ್ಲೂ ನಿಲ್ಲಲಿಲ್ಲ.
ಅವನು ತೋರಿಸಿದ ಕಲ್ಲಿನ ಮೇಲೆ ಮಾತ್ರ ನಿಂತೆ.

ಸಿದ್ದ...
ಹೋದ ವರ್ಷ ಕೂಟಗಲ್ ಬೆಟ್ಟದಲ್ಲಿ ಒಂದೇ ಒಂದು ಸಲ ಕ್ಯಾಮೆರಾ ನನಗೆ ಕೊಟ್ಟು ನೀನು ನಿಲ್ಲಲು ಹೋದೆ. ನೆನಪಿದೆಯಾ?
ಕ್ಯಾಮೆರಾ ತಣ್ಣಗೆ ಹೊರಗೇ ಇರಲಿ ಎಂದು ನೀನು ಹೇಳಿದ್ದೆ. ನಾನು ಕೇಳಲಿಲ್ಲ. ಪಾಪ, ಚಳಿಗೆ ಏನಾದರೂ ಆದೀತೆಂದು ಸ್ವೆಟರ್ ಒಳಗೆ ಇಟ್ಟುಕೊಂಡೆ. ಬೆಟ್ಟ ಹತ್ತಿದ ಬೆವರು ಇನ್ನೂ ಆರಿರಲಿಲ್ಲ. ಅದರ ಹಬೆ ಹೋಗಿ ಲೆನ್ಸಿನ ಮೇಲೆ ಕೂತಿತ್ತು. ನೋಡದೆ ಕ್ಲಿಕ್ ಮಾಡಿದೆ.
ಪೂರ್ತಿ ಮಬ್ಬು.
ನೀನು ಬಂಡೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ.
"ಲೇ, ಇದು ಬೆಟ್ಟದ ಮಂಜಲ್ಲ ಕಣ್ಲಾ, ನಿನ್ ಬೆವ್ರು!"
ಅಳಿಸಿಬಿಡುತ್ತೇನೆ ಎಂದೆ.
"ಇರ್ಲಿ ಬುಡ್ಲಾ. ಬರೋ ವರ್ಸ ಕಬ್ಬಾಳದುರ್ಗದಲ್ಲಿ ಒಸಿ ನೀಟಾಗಿ ತೆಗಿವಂತೆ."
ಆ ಬರೋ ವರ್ಷ ಮುಂದಿನ ವಾರ ಬರುತ್ತದೆ ಸಿದ್ದ...

ಮಧ್ಯಾಹ್ನ ಅವನ ಮನೆಗೆ ಹೋಗಿದ್ದೆ.
ಹಾರ ಹಾಕಲು ಆಧಾರ್ ಕಾರ್ಡಿನ ಫೋಟೋವನ್ನು ದೊಡ್ಡದು ಮಾಡಿಸಿ ತಂದಿದ್ದರು. ಅವನ ಅವ್ವ ಅದನ್ನು ಮಗುಚಿ ಇಟ್ಟಿದ್ದರು.
"ಇದು ನನ್ ಮಗನಂಗಿಲ್ಲ ಕಣಪ್ಪಾ. ಬೆಟ್ಟದ ಮ್ಯಾಲೆ ತೆಗ್ದಿರೋದು ಒಂದಾರ ಕೊಡು. ನೀನ್ ತಾನೆ ಜೊತೇಲಿ ಹೋಯ್ತಿದ್ದೋನು?"
ನನ್ನ ಫೋನಿನಲ್ಲಿ ಅವನು ತೆಗೆದ ನನ್ನ ಫೋಟೋಗಳೇ ತುಂಬಿವೆ. ಅವನದು ಇದ್ದದ್ದು ಆ ಒಂದೇ.
ನನ್ನ ತಪ್ಪಿನಿಂದ ಮಬ್ಬಾಯಿತು ಎಂದು ಹೇಳಿಯೇ ತೋರಿಸಿದೆ.
ಅವ್ವ ಫೋನನ್ನು ಕಣ್ಣ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದರು.
"ಸೊಂಟದ ಮ್ಯಾಲೆ ಕೈ ಮಡಿಕ್ಕಂಡು ನಿಂತವ್ನೆ ನೋಡು... ಒಂದ್ ಕಾಲು ಮುಂದಿಕ್ಕಂಡು. ಇವ್ನೇಯ. ಮಕ ಯಾಕಪ್ಪಾ ಬೇಕು ನಂಗೆ? ಇದ್ನೇ ಮಾಡ್ಸು."

ಕೆಳಗೆ ಹಾಕಿರುವುದು ಅದೇ ಫೋಟೋ.
'ಕ್ಲಿಯರ್ ಫೋಟೋ ಹಾಕು ಬ್ರೋ' ಎಂದು ದಯವಿಟ್ಟು ಯಾರೂ ಕೇಳಬೇಡಿ. ಇದು ಅವ್ವ ಆರಿಸಿದ್ದು.

ಧನುರ್ಮಾಸದ ಮೊದಲ ಬೆಳಿಗ್ಗೆ ಕಬ್ಬಾಳದುರ್ಗ ಹತ್ತುತ್ತೇನೆ ಸಿದ್ದ. ಕೆಂಪು ಸ್ವೆಟರ್ ಹಾಕಿಕೊಂಡೇ.
ಕ್ಯಾಮೆರಾ ಇರುವುದಿಲ್ಲ. ಎದುರಿನ ಬಂಡೆಯಲ್ಲಿ ಯಾರೂ ಇರುವುದಿಲ್ಲ.
ಆದರೂ ಅಲ್ಲಾಡದೆ ನಿಲ್ಲುತ್ತೇನೆ...
ನೀನು ಸಾಕು ಎನ್ನುವವರೆಗೆ.

ಹೋಗಿ ಬಾರೋ...
ನಿನ್ನ ಆತ್ಮಕ್ಕೆ ಆ ಬೆಳಗಿನ ಬೆಟ್ಟದಷ್ಟು ಶಾಂತಿ ಇರಲಿ. 🙏