ಮಾಳವ್ವನ ಜೊತೆ ಎರಡು ಊರಿನ ಸಿನಿಮಾ

ಶಿವಮೊಗ್ಗದಿಂದ ಭಾನುವಾರ ಬೆಳಿಗ್ಗೆ ಏಳರ ಖಾಸಗಿ ಬಸ್ಸು ಹತ್ತಿದೆ. ಸರ್ಕಾರಿ ಬಸ್ಸಾದರೆ ಹೆಂಗಸರಿಗೆ ಪುಕ್ಕಟೆ, ಆದರೆ ಅದನ್ನು ಕಾಯುತ್ತಾ ಕೂತರೆ ನಾನು ತೋರಿಸಬೇಕಾದ ಸಿನಿಮಾದ ಹೊತ್ತೇ ಮೀರಿಹೋಗುತ್ತದೆ. ಶಿಕಾರಿಪುರಕ್ಕೆ ಎಪ್ಪತ್ತು ರೂಪಾಯಿ ಟಿಕೆಟ್ಟು. ಸವಳಂಗದವರೆಗೆ ಚಳಿ, ಅಲ್ಲಿಂದಾಚೆ ಬಿಸಿಲು ನೇರ ಮುಖಕ್ಕೇ ಬಡಿಯಿತು. ಎರಡೂ ಬದಿಗೆ ಕೊಯ್ಲಾದ ಗದ್ದೆ, ಅಲ್ಲಲ್ಲಿ ಮೆಕ್ಕೆಜೋಳದ ಕೂಳೆ.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವಳು. ರಜೆ ಬಂತೆಂದರೆ ನಮ್ಮ ಚಿತ್ರಸಮಾಜದ ಸಂಬಳವಿಲ್ಲದ ಆಳು. ಟಾಕೀಸಿಗೆ ಬಾರದ, ದೊಡ್ಡ ನಟರಿಲ್ಲದ, ಯಾರೋ ನಾಲ್ಕು ಜನ ಹುಡುಗರು ಕೈಯಿಂದ ದುಡ್ಡು ಹಾಕಿ ತೆಗೆದ ಸಿನಿಮಾಗಳನ್ನು ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಂಡು ತಾಲ್ಲೂಕು ತಾಲ್ಲೂಕಿಗೆ ಹೊರುತ್ತೇವೆ. ಈ ಸಲ ಭಾನುವಾರ ಶಿಕಾರಿಪುರ, ಸೋಮವಾರ ಸೊರಬ. ಎರಡೂ ಕಡೆ ನಮ್ಮಂಥವರೇ ಕಟ್ಟಿಕೊಂಡ ಸಣ್ಣ ಬಳಗಗಳಿವೆ. ಸೋಮವಾರಕ್ಕೆ ರಜೆ ಹಾಕಿದ್ದೆ.

ಸಿನಿಮಾ ಕುರಿಗಾರರದು. ಉಡುತಡಿ ಕಡೆಯ ಬೀರಪ್ಪ, ಅವನ ಹೆಂಡತಿ ಮಾಳವ್ವ, ಅವರ ಕುರಿ ಮಂದೆ, ಅವರು ತಿರುಗುವ ಹೊಲಗಳು, ಇಷ್ಟೇ. ನಟನೆ ಗಿಟನೆ ಇಲ್ಲ, ಅವರು ಬದುಕಿದ ಹಾಗೆ ತೆಗೆದದ್ದು. ಚಿತ್ರೀಕರಣ ಮುಗಿದು ಸ್ವಲ್ಪ ದಿನಕ್ಕೆ ಬೀರಪ್ಪ ಜ್ವರದಲ್ಲಿ ತೀರಿಕೊಂಡ. ಮಾಳವ್ವ ಆ ಸಿನಿಮಾವನ್ನು ಒಮ್ಮೆಯೂ ನೋಡಿರಲಿಲ್ಲ. ಅದಕ್ಕೇ ಅವಳನ್ನು ಶಿಕಾರಿಪುರಕ್ಕೆ ಕರೆಸಿದ್ದೆವು.

ಸಮುದಾಯ ಭವನಕ್ಕೆ ಹೋಗಿ ನೋಡಿದರೆ ವೇದಿಕೆ ತುಂಬ ಕುರ್ಚಿ. ತೆರೆ ಎಲ್ಲಿ ಎಂದು ಹುಡುಕಿದೆ. ಕುರ್ಚಿಗಳ ಹಿಂದೆ ಗೋಡೆಗೆ ಕಟ್ಟಿ, ಅದರ ಮೇಲೆ ಬ್ಯಾನರ್ ಇಳಿಬಿಟ್ಟಿದ್ದರು. ಅಧ್ಯಕ್ಷರು, ಗೌರವಾಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಎಲ್ಲರ ಮುಖವೂ ಬ್ಯಾನರಿನಲ್ಲಿತ್ತು. ಸಿನಿಮಾದ ಹೆಸರು ಕೆಳಗೆ ಮೂಲೆಯಲ್ಲಿ, ಊಟದ ವ್ಯವಸ್ಥೆ ಮಾಡಿದವರ ಹೆಸರಿನ ಪಕ್ಕ ಸಿಕ್ಕಿತು.

ಹನ್ನೊಂದಕ್ಕೆ ಸಿನಿಮಾ ಎಂದು ಕರಪತ್ರ ಹಂಚಿದ್ದರು. ಹನ್ನೊಂದಕ್ಕೆ ಆರಂಭವಾದದ್ದು ಪ್ರಾರ್ಥನೆ. ಆಮೇಲೆ ಸ್ವಾಗತ, ದೀಪ, ಗಿಡಕ್ಕೆ ನೀರು, ಪ್ರಾಸ್ತಾವಿಕ. ನಮ್ಮ ಕಡೆ ಜನಕ್ಕೆ ಇದೊಂದು ರೋಗ ಕಣ್ರೀ. ವೇದಿಕೆ ಕಾರ್ಯಕ್ರಮ ಇಲ್ಲದೆ ಒಂದು ಲೋಟ ನೀರು ಕುಡಿಯಲೂ ಇವರಿಗೆ ಬರುವುದಿಲ್ಲ. ಉದ್ಘಾಟಕರು ತಾವು ಸಣ್ಣವರಿದ್ದಾಗ ಟೂರಿಂಗ್ ಟಾಕೀಸಿಗೆ ಹೋಗುತ್ತಿದ್ದುದನ್ನು ಹೇಳಿದರು. ಮುಖ್ಯ ಅತಿಥಿಗಳೂ ಅದನ್ನೇ ಹೇಳಿದರು. ಅಧ್ಯಕ್ಷರು ಎದ್ದು, ಇಬ್ಬರೂ ಹೇಳಿದ್ದು ಬಹಳ ಅರ್ಥಪೂರ್ಣವಾಗಿತ್ತು ಎಂದು ಶುರು ಮಾಡಿ ಮುಂದಿನ ತಿಂಗಳ ಸಿನಿಮಾಗಳ ಬಗ್ಗೆ ಮಾತಾಡಿದರು. ಅವುಗಳಲ್ಲಿ ಒಂದನ್ನೂ ಅವರು ನೋಡಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಮಾಳವ್ವನನ್ನು ವೇದಿಕೆಯ ನಡುವೆ ಕೂರಿಸಿದ್ದರು. ತೆರೆಗೆ ಬೆನ್ನು, ನಮಗೆ ಮುಖ. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟು, ಫೋಟೋ ತೆಗೆದರು. ಅವಳು ಆಗಾಗ ತಿರುಗಿ ಹಿಂದೆ ನೋಡುತ್ತಿದ್ದಳು. ನಿರೂಪಣೆಯವರು ಮುಂದೆ ನೋಡಮ್ಮ ಎಂದು ಸನ್ನೆ ಮಾಡುತ್ತಿದ್ದರು.

ಸಿನಿಮಾ ಶುರುವಾದಾಗ ಒಂದೂ ಕಾಲು. ಮಾಳವ್ವ ಕೆಳಗಿಳಿದು ನನ್ನ ಪಕ್ಕ ಬಂದು ಕೂತಳು. ತೆರೆಯ ಮೇಲೆ ತನ್ನ ಮುಖ ಬಂದಾಗ ಅವಳಿಗೆ ಏನೂ ಅನ್ನಿಸಲಿಲ್ಲ, ಒಂದು ಕೆಂಚು ಟಗರು ಬಂದಾಗ ಮಾತ್ರ ನನ್ನ ಕೈ ಹಿಡಿದು ಅದರ ಹೆಸರು ಹೇಳಿದಳು. ಬೀರಪ್ಪ ಬರೀ ಬೆನ್ನು ಕಾಣುವ ಹಾಗೆ ಮಂದೆಯ ಹಿಂದೆ ನಡೆಯುತ್ತಿದ್ದ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಪಲಾವಿನ ಘಮ ಬಂತು. ಸಾಲು ಸಾಲೇ ಎದ್ದು ಹೋಯಿತು. ಇನ್ನೂ ಅರ್ಧವಾಗಿರಲಿಲ್ಲ, ಸಂಜೆಯ ನಿಶ್ಚಿತಾರ್ಥಕ್ಕೆ ಹೂವಿನ ಅಲಂಕಾರದವರು ಏಣಿ ತಂದು ವೇದಿಕೆಗೆ ಒರಗಿಸಿದರು, ಸಿನಿಮಾ ಅಲ್ಲಿಗೇ ನಿಂತಿತು. ಅಧ್ಯಕ್ಷರು ಬಂದು, ಬಾಕಿ ಸೊರಬದಲ್ಲಿ ನೋಡಬಹುದಲ್ಲ ಮೇಡಂ, ಅಲ್ಲೂ ಇದೇ ಸಿನಿಮಾ ತಾನೇ, ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಕೈಯಲ್ಲಿ ಪಲಾವಿನ ತಟ್ಟೆ ಇತ್ತು.

ಭವನದ ಮೆಟ್ಟಿಲ ಮೇಲೆ ಕೂತು ಮಾಳವ್ವ ನನಗೆ ಒಂದು ವಿಷಯ ಹೇಳಿದಳು. ಅವಳ ಮಗಳು ರೇಣುಕಾಳನ್ನು ಸೊರಬ ತಾಲ್ಲೂಕಿನ ಜಡೆಗೆ ಕೊಟ್ಟಿದೆ. ಬೀಗರು ಗದ್ದೆ ತೋಟದವರು. ಮದುವೆಯಲ್ಲಿ ಬೀರಪ್ಪ ಅವರೆದುರು ಬಾಯಿ ಬಿಡಲಿಲ್ಲವಂತೆ. ಕೇಳಿದ್ದಕ್ಕೆಲ್ಲ ತಲೆ ಆಡಿಸಿದ್ದೇ ಸೈ. ಅಂದಿನಿಂದ ಆ ಮನೆಯಲ್ಲಿ ಅವನಿಗೆ ‘ಮೂಗ ಬೀಗ’ ಎಂದೇ ಹೆಸರು. ಸತ್ತ ಮೇಲೂ ಅದೇ ಹೆಸರು, ತಮಾಷೆಗೇ ಅನ್ನುತ್ತಾರೆ, ರೇಣುಕಾ ಕೇಳಿಕೊಂಡು ಸುಮ್ಮನಿರುತ್ತಾಳೆ. ಸಿನಿಮಾದಲ್ಲಿ ಒಂದು ಕಡೆ ಬೀರಪ್ಪ ಕೂತು ಮಾತಾಡಿದ್ದಾನೆ, ಆ ಮದುವೆಯ ಮಾತೇ ಆಡಿದ್ದಾನೆ. ಆಗ ಮಾಳವ್ವ ಅಲ್ಲೇ ಹಿಂದೆ ಒಲೆ ಹಚ್ಚುತ್ತಿದ್ದಳು. ಅದನ್ನು ಬೀಗರು ಕೇಳಬೇಕು ಎನ್ನುವುದೊಂದೇ ಅವಳ ಆಸೆ. ಶಿಕಾರಿಪುರ ದೂರವಾಗುತ್ತದೆ ಎಂದು ಅವರು ಬಂದಿರಲಿಲ್ಲ.

ಹಾಗಾದರೆ ಸೊರಬಕ್ಕೆ ಕರೆಸು ಎಂದೆ. ಅಲ್ಲೇ ಮಗಳಿಗೆ ಫೋನು ಹಚ್ಚಿದಳು. ನಾನು ಸೊರಬದ ಬಳಗ ನಡೆಸುವ ಮಂಜುನಾಥನಿಗೆ ಫೋನು ಮಾಡಿದೆ. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗ, ಒಳ್ಳೆಯವನು. ದೀಪ ಇಲ್ಲ, ಭಾಷಣ ಇಲ್ಲ, ಪರಿಚಯ ಇಲ್ಲ, ಒಬ್ಬರಿಗೂ ಶಾಲು ಹಾಕಕೂಡದು, ಸೀದಾ ಸಿನಿಮಾ ಎಂದು ಕಡಕ್ಕಾಗಿ ಹೇಳಿದೆ. ಅವನಿಗೂ ಭಾಷಣ ಕಂಡರೆ ಆಗುವುದಿಲ್ಲವಂತೆ, ಖುಷಿಯಿಂದ ಒಪ್ಪಿದ.

ಆ ರಾತ್ರಿ ಶಿಕಾರಿಪುರದಲ್ಲೇ ನಮ್ಮ ಶಾಲೆಯ ಟೀಚರೊಬ್ಬರ ತಂಗಿಯ ಮನೆಯಲ್ಲಿ ಉಳಿದು, ಸೋಮವಾರ ಬೆಳಿಗ್ಗೆ ಶಿರಾಳಕೊಪ್ಪಕ್ಕೆ ಹೋದೆ. ಮಾಳವ್ವ ನನಗಿಂತ ಮೊದಲೇ ಬಂದು ನಿಲ್ದಾಣದ ಕಟ್ಟೆಯ ಮೇಲೆ ಕೂತಿದ್ದಳು. ಇಸ್ತ್ರಿ ಮಾಡಿದ ಇಳಕಲ್ ಸೀರೆ, ತಲೆಗೆ ಎಣ್ಣೆ. ಕುರಿಗಳನ್ನು ಮೈದುನನಿಗೆ ಒಪ್ಪಿಸಿ ಬಂದಿದ್ದಳಂತೆ. ಇಬ್ಬರೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಚಹಾ ಕುಡಿದೆವು. ದುಡ್ಡು ಅವಳೇ ಕೊಟ್ಟಳು, ನನ್ನ ಕೈ ತಳ್ಳಿಬಿಟ್ಟಳು.

ಸೊರಬದ ರಸ್ತೆಯಲ್ಲಿ ಬಯಲು ಮುಗಿದು ಮರಗಳು ಹೆಚ್ಚಾದವು. ಬಸ್ಸಿನಲ್ಲಿ ಸೀಟಿತ್ತು. ಸಿನಿಮಾದಲ್ಲಿ ಗಂಡ ಆ ಮಾತು ಆಡುವುದು ಯಾವಾಗ ಬರುತ್ತದೆ ಎಂದು ಮಾಳವ್ವ ಎರಡು ಸಲ ಕೇಳಿದಳು. ಸಿನಿಮಾ ಮುಗಿಯುವ ಸ್ವಲ್ಪ ಮೊದಲು, ಸಂಜೆ ಕುರಿಗಳೆಲ್ಲ ಮಲಗಿದ ಮೇಲೆ, ಎಂದೆ. ಸರಿ, ಅಷ್ಟೊತ್ತಿಗೆ ಬೀಗರು ಬಂದು ನೆಟ್ಟಗೆ ಕೂತಿರುತ್ತಾರೆ ಎಂದು ಅವಳು ನೆಮ್ಮದಿ ಮಾಡಿಕೊಂಡಳು.

ಬೀಗರು ನಿಜವಾಗಿಯೂ ಬಂದಿದ್ದರು. ಶೇಖರಪ್ಪ ಎಂದು ಹೆಸರು, ಬಿಳಿ ಪಂಚೆ, ಬಿಳಿ ಅಂಗಿ, ಮಾತಿಗೊಮ್ಮೆ ನಗುವ ಮನುಷ್ಯ. ಜೊತೆಗೆ ಅವರ ಹೆಂಡತಿ ಮತ್ತು ಸೊಸೆ ರೇಣುಕಾ. ಮಂಜುನಾಥ ಮಾತು ಉಳಿಸಿಕೊಂಡಿದ್ದ. ಕಾಲೇಜಿನ ಹಾಲ್, ಕಿಟಕಿಗಳಿಗೆ ಕಪ್ಪು ಬಟ್ಟೆ, ಮುಂದೆ ತೆರೆ, ಹಿಂದೆ ಮೇಜಿನ ಬಳಿ ಅವನು, ಲ್ಯಾಪ್‌ಟಾಪು. ವಿದ್ಯಾರ್ಥಿಗಳು ತುಂಬಿದ್ದರು. ಹೇಳಿದ ಹೊತ್ತಿಗೆ ದೀಪ ಆರಿಸಿಯೇಬಿಟ್ಟ. ಹಿಂದಿನ ದಿನದ ಸಿಟ್ಟೆಲ್ಲ ಇಳಿದುಹೋಗಿ, ಈ ಹುಡುಗನಿಗೆ ಒಳ್ಳೆಯದಾಗಲಿ ಎಂದುಕೊಂಡೆ.

ಹುಡುಗರು ಗಲಾಟೆ ಇಲ್ಲದೆ ನೋಡಿದರು. ಮರಿ ಹಾಕುವ ಕುರಿಯ ದೃಶ್ಯಕ್ಕೆ ಇಡೀ ಹಾಲ್ ಗಪ್‌ಚುಪ್ಪಾಯಿತು. ಶೇಖರಪ್ಪನವರೂ ಮುಂದೆ ಬಾಗಿ ನೋಡುತ್ತಿದ್ದರು. ತೆರೆಯ ಮೇಲೆ ಸಂಜೆಯಾಯಿತು, ಕುರಿಗಳು ಮಲಗಿದವು, ಬೀರಪ್ಪ ಬಂದು ಕಂಬಳಿ ಹಾಸಿ ನಮ್ಮ ಕಡೆ ಮುಖ ಮಾಡಿ ಕೂತ. ಮಾಳವ್ವ ಸೆರಗು ಸರಿಮಾಡಿಕೊಂಡು ಬೀಗರ ಕಡೆ ಒಮ್ಮೆ ತಿರುಗಿದಳು.

ಬೀರಪ್ಪ ಬಾಯಿ ತೆರೆದ. ತೆರೆದವನು ಗಕ್ಕನೆ ಪಕ್ಕಕ್ಕೆ ಹಾರಿದ. ರುಮಾಲು ಇದ್ದದ್ದು ಇಲ್ಲವಾಯಿತು, ಕೈ ಮೇಲೆ ಹೋಯಿತು, ಕೆಳಗೆ ಬಂತು, ಬಾಯಿ ತೆರೆಯಿತು, ಮುಚ್ಚಿತು, ಮಾತೇ ಇಲ್ಲ. ಹುಡುಗರು ಗೊಳ್ಳೆಂದು ನಕ್ಕರು. ಶೇಖರಪ್ಪನವರೂ ನಕ್ಕರು. ನಾನು ಕುರ್ಚಿಗಳ ನಡುವೆ ನುಗ್ಗಿ ಹಿಂದಕ್ಕೆ ಹೋಗುವಷ್ಟರಲ್ಲಿ ತೆರೆಯ ಮೇಲೆ ಬೆಳಗಾಗಿ ಮಂದೆ ರಸ್ತೆ ದಾಟುತ್ತಿತ್ತು. ಮಂಜುನಾಥನ ಬೆರಳು ಇನ್ನೂ ಲ್ಯಾಪ್‌ಟಾಪಿನ ಬಾಣದ ಗುಂಡಿಯ ಮೇಲೆಯೇ ಇತ್ತು.

ಅವನು ಪಾಪ, ನಾವು ಮೊದಲೇ ಕಳಿಸಿದ್ದ ಪ್ರತಿಯಲ್ಲಿ ಹಿಂದಿನ ರಾತ್ರಿ ಕೂತು ಇಡೀ ಸಿನಿಮಾ ನೋಡಿ, ಎಲ್ಲಿ ಹುಡುಗರಿಗೆ ಬೇಜಾರಾಗುತ್ತದೆ ಎಂದು ಗುರುತು ಮಾಡಿಕೊಂಡಿದ್ದನಂತೆ, ಅಂಥ ಕಡೆ ಓಡಿಸಿಬಿಡಲು. ಆನವಟ್ಟಿ, ಜಡೆ ಕಡೆಯ ಹುಡುಗರಿಗೆ ನಾಲ್ಕೂವರೆಯ ಬಸ್ಸು ತಪ್ಪಬಾರದಲ್ಲ. ಯಾವಾಗಲೂ ಹೀಗೇ ಮಾಡುತ್ತಾನಂತೆ, ಹಾಗಾಗಿಯೇ ಅವನ ಹಾಲ್ ತುಂಬುವುದಂತೆ.

“ಅಲ್ಲಿ ಏನೂ ನಡಿಯಲ್ಲ ಮೇಡಂ,” ಎಂದ. “ಒಬ್ರು ಅಜ್ಜ ಕೂತ್ಕಂಡು ಮಾತಾಡ್ತಾರೆ ಅಷ್ಟೇ.”

ಆ ಅಜ್ಜನ ಹೆಂಡತಿ ಮುಂದೆ ಕೂತಿದ್ದಾಳೆ ಕಣೋ ಎಂದೆ. ಅವನ ಮುಖ ಸಣ್ಣಗಾಯಿತು. ಯಾರಾದರೂ ಮೊದಲೇ ಪರಿಚಯ ಮಾಡಿಕೊಟ್ಟಿದ್ದರೆ, ಎಂದು ಗೊಣಗಿದ. ಒಂದು ಊರಿನಲ್ಲಿ ಪರಿಚಯ ಮಾಡಿ ಮಾಡಿ ಸಿನಿಮಾ ಕೊಂದರು, ಇನ್ನೊಂದು ಊರಿನಲ್ಲಿ ಪರಿಚಯ ಇಲ್ಲದೆ ಕೊಂದರು. ಅಳುವೂ ಬಂತು, ಅವನ ಕಪಾಳಕ್ಕೊಂದು ಬಿಡಬೇಕು ಎಂದೂ ಅನ್ನಿಸಿತು.

ಅಷ್ಟು ಹೊತ್ತಿಗೆ ಸಿನಿಮಾ ಮುಗಿದು ಹುಡುಗರು ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಮುತ್ತಿದ್ದರು. ಬೀಗರು ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಸ್ಸಿನಲ್ಲಿ ಸೀಟು ಹಿಡಿಯಲು ಹೊರಟುಹೋಗಿದ್ದರು. ಮಂಜುನಾಥ ಗಡಿಬಿಡಿಯಿಂದ ಹಿಂದಕ್ಕೆ ತಿರುಗಿಸಿ ಆ ಸಂಜೆಯನ್ನು ಮತ್ತೆ ತೆರೆಯ ಮೇಲೆ ತಂದು ನಿಲ್ಲಿಸಿದ. ನಿಧಾನ ನೋಡಮ್ಮ, ಪೂರ್ತಿ ಹಾಕ್ತೀನಿ, ಎಂದು ಮಾಳವ್ವನ ಎದುರು ಕೈ ಮುಗಿದ. ಅವಳು ಖಾಲಿ ಕುರ್ಚಿಗಳನ್ನು ನೋಡಿದಳು.

“ಬ್ಯಾಡ ಬಿಡಪ್ಪ,” ಎಂದಳು. “ನಾನು ಅವರ ಮಾತು ಬಾಳೇವು ಮಾಡಿದಷ್ಟು ದಿನ ಕೇಳೀನಿ. ಕೇಳಬೇಕಾದೋರು ಹೋದ್ರಲ್ಲ.”

ನಿಲ್ದಾಣದವರೆಗೂ ನಾನೂ ಅವಳೂ ನಡೆದೆವು. ಬಿಸಿಲು ಇಳಿಯುತ್ತಿತ್ತು, ಧೂಳು ಮಾತ್ರ ಹಾಗೇ ಇತ್ತು. ಜಡೆಯ ಬಸ್ಸು ನಿಂತಿತ್ತು. ಮಾಳವ್ವ ಆ ರಾತ್ರಿ ಮಗಳ ಮನೆಯಲ್ಲಿ ಉಳಿಯುವುದೆಂದು ಮೊದಲೇ ಮಾತಾಗಿತ್ತು. ಶೇಖರಪ್ಪನವರು ಅವಳಿಗೆ ಕಿಟಕಿ ಪಕ್ಕದ ಸೀಟು ಹಿಡಿದಿಟ್ಟಿದ್ದರು, ಟಿಕೆಟ್ಟಿಗೆ ಆಧಾರ್ ತೆಗೆದಿಟ್ಟುಕೋ ಎಂದು ಅಕ್ಕರೆಯಿಂದ ಹೇಳಿದರು. ಕೆಟ್ಟ ಮನುಷ್ಯರೇನಲ್ಲ. ಆಮೇಲೆ ನನ್ನ ಕಡೆ ತಿರುಗಿ ನಕ್ಕರು.

“ಸಿನಿಮಾದಾಗೂ ಬಾಯಿ ಬಿಡ್ಲಿಲ್ಲ ನೋಡ್ರಿ ಮೇಡಂ ನಮ್ಮ ಬೀಗ್ರು.”

ರೇಣುಕಾ ತಲೆ ತಗ್ಗಿಸಿದಳು. ಮಾಳವ್ವ ಕಿಟಕಿಯಿಂದ ನನ್ನನ್ನೇ ನೋಡುತ್ತಾ ಕೇಳಿದಳು: “ಮೇಡಮ್ಮಾರೆ, ನೀವು ಪೂರಾ ನೋಡೀರಲ್ಲ? ಅವರು ಏನಂದ್ರು ಅಂತ ಇವರಿಗೊಂದು ಚೂರು ಹೇಳ್ರಿ.”

ಡ್ರೈವರ್ ಹತ್ತಿ ಕೂತಿದ್ದ. ನಾನು ಕಿಟಕಿಯ ಸರಳು ಹಿಡಿದುಕೊಂಡೇ ಹೇಳಿದೆ. ಮಗಳ ಮದುವೆಯಲ್ಲಿ ತಾನು ಬಾಯಿ ಬಿಟ್ಟರೆ ಮಾತಿಗೂ ಕುರಿ ವಾಸನೆ ಬಂದೀತು, ಅದು ಮಗಳಿಗೆ ಹತ್ತಿಕೊಂಡೀತು ಎಂದು ಹೆದರಿ ಸುಮ್ಮನಿದ್ದೆ ಎಂದಿದ್ದಾನೆ ಬೀರಪ್ಪ. ಮದುವೆಯಲ್ಲಿ ಆಡಬೇಕು ಅಂತ ಮೂರು ದಿನ ಕುರಿಗಳ ಮುಂದೆ ಹೇಳಿ ಹೇಳಿ ಕಲಿತಿದ್ದ ಮಾತುಗಳನ್ನೂ ಕ್ಯಾಮೆರಾ ಮುಂದೆ ಆಡಿದ್ದಾನೆ, ನನ್ನ ಮಗಳನ್ನು ಚೆನ್ನಾಗಿ ನೋಡಿಕೊಳ್ಳಿ ಬೀಗರೇ ಎಂದಿದ್ದಾನೆ. ಇಂಜಿನ್ನಿನ ಸದ್ದಿಗೆ ನಾನು ಕಿರುಚಿಯೇ ಹೇಳಬೇಕಾಯಿತು. ಶೇಖರಪ್ಪನವರು ಕಿವಿಗೆ ಕೈ ಹಿಡಿದು ಕೊನೆಯವರೆಗೂ ಕೇಳಿದರು.

“ಇರಬಹುದು ಬಿಡ್ರಿ,” ಎಂದರು. “ಸಿನಿಮಾದೋರು ಏನು ಬೇಕಾದ್ರೂ ಹೇಳಿಸ್ತಾರೆ.”

ಕಂಡಕ್ಟರ್ ಸೀಟಿ ಊದಿದ. ಮಾಳವ್ವ ಕಿಟಕಿಯ ಗಾಜು ಎಳೆದುಕೊಂಡಳು.